ಎದುರು ಗೋಡೆಯ ಕಲ್ಲುಗಳು

ನನಗೂ ಎಲಾದಿಯೊನಿಗೂ ಮದುವೆಯ ಮಾತು ಗಟ್ಟಿಯಾಗಿ ಎಷ್ಟು ಕಾಲವಾಗಿತ್ತೆಂದರೆ, ಮದುವೆಗೆಂದು ನಾನು ಹೆಣೆದಿಟ್ಟ ಬಿಳಿ ಲೇಸು ಪೆಟ್ಟಿಗೆಯೊಳಗೇ ಹಳದಿಗಟ್ಟಿತ್ತು. ನನ್ನ ಅಮ್ಮ ಬಸಿಲಿಸ ಬೇಡವೆಂದೂ ಹೇಳುತ್ತಿರಲಿಲ್ಲ, ಆಗಲೆಂದೂ ಹೇಳುತ್ತಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುತ್ತಿದ್ದಳು. ಒಂದು ವರ್ಷ ಗೋಧಿ ಕೈಕೊಟ್ಟಿತು, ಇನ್ನೊಂದು ವರ್ಷ ಸೋದರತ್ತೆ ತೀರಿಕೊಂಡಳು, ಮತ್ತೊಂದು ವರ್ಷ ಮದುವೆಗೆಂದು ಕೊಬ್ಬಿಸಿದ್ದ ಹಂದಿಗೆ ಕಾಯಿಲೆ. ಕೊನೆಗೆ ಸರಕಾರದವರು ನಮ್ಮ ಹೊಳೆಗೆ ಅಣೆಕಟ್ಟು ಕಟ್ಟಲು ಬಂದರು. ಅಮ್ಮನಿಗೆ ಎಲ್ಲಕ್ಕಿಂತ ದೊಡ್ಡ ನೆಪ ಸಿಕ್ಕಿತು.

ನಮ್ಮ ಊರು ವಾಲ್ದೆಯೆರ್ಬ ಪೂರ್ತಿ ಮುಳುಗುವುದಿತ್ತು. ಜನರಿಗೆ ಗುಡ್ಡದ ಮೇಲೆ ಹೊಸ ಮನೆಗಳಾದವು. ಊರಿನ ನಡುವೆ ಸಾನ್ ಪೆಲಾಯೊ ಮಠವಿತ್ತು. ಅದನ್ನು ಕಟ್ಟಿದ ಸನ್ಯಾಸಿಗಳು ಸತ್ತು ಶತಮಾನಗಳೇ ಕಳೆದಿದ್ದವು, ಅವರ ಸಂತತಿಯೂ ನನ್ನ ಮುತ್ತಜ್ಜನ ಕಾಲದಲ್ಲಿ ಜಾಗ ಬಿಟ್ಟು ಹೋಗಿತ್ತು. ಸನ್ಯಾಸಿಗಳಿಗೆ ಎಲ್ಲಿಯ ಸಂತತಿ ಎಂದು ಕೇಳಬೇಡಿ, ನಮ್ಮೂರಿನಲ್ಲಿ ಅದಕ್ಕೂ ಕತೆಗಳಿವೆ. ಉಳಿದದ್ದು ಮಠದ ಇಗರ್ಜಿ ಮಾತ್ರ. ಅದನ್ನು ಬಿಚ್ಚಿ, ಕಲ್ಲು ಕಲ್ಲಾಗಿ ಗುಡ್ಡಕ್ಕೆ ಹೊತ್ತು, ಮತ್ತೆ ಹಾಗೆಯೇ ನಿಲ್ಲಿಸುವುದೆಂದು ತೀರ್ಮಾನವಾಯಿತು.

"ಮದುವೆ ಅಂತಾದ್ರೆ ಸಾನ್ ಪೆಲಾಯೊದಲ್ಲೇ ಕಣೇ," ಎಂದಳು ಅಮ್ಮ. "ನಾನೂ ಅಲ್ಲೇ ಆದೆ, ನಮ್ಮಮ್ಮನೂ ಅಲ್ಲೇ. ಅದು ಮೇಲೆ ಹೋಗಿ ನಿಂತ್ಕೊಳ್ಳಲಿ, ಆಮೇಲೆ ನೋಡೋಣ."

ಎಲಾದಿಯೊ ಇಗರ್ಜಿಯ ಸೇವಕ. ಗಂಟೆ ಬಾರಿಸುವುದು, ಮೇಣದ ಬತ್ತಿ ಹಚ್ಚುವುದು, ಪಾದ್ರಿಗಳ ದ್ರಾಕ್ಷಾರಸಕ್ಕೆ ನೀರು ಬೆರೆಸುವುದು ಅವನ ಕೆಲಸ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಅದನ್ನು ಕಂಡು ಮ್ಯಾಡ್ರಿಡ್‌ನಿಂದ ಬಂದಿದ್ದ ಆರ್ಕಿಟೆಕ್ಟ್ ದೋನ್ ಗೊನ್ಸಾಲೊ, ಎರಡು ಉದ್ದ ಗೋಡೆಗಳ ಕಲ್ಲುಗಳಿಗೆ ಗುರುತು ಹಾಕುವ ಕೆಲಸ ಅವನಿಗೆ ಒಪ್ಪಿಸಿದರು. ಕಮಾನು, ಬಾಗಿಲುಗಳನ್ನೆಲ್ಲ ಅವರ ಕಡೆಯ ಕಲ್ಲುಕುಟಿಗರು ನೋಡಿಕೊಂಡರು. ಕೆಂಪು ಬಣ್ಣದ ಡಬ್ಬಿ ಹಿಡಿದು ನನ್ನ ಎಲಾದಿಯೊ ಏಣಿ ಹತ್ತಿದಾಗ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಕೆಳಗೆ ನಿಂತು ಏಣಿಯನ್ನು ನಾನೇ ಹಿಡಿದುಕೊಂಡೆ.

ಬೇಸಿಗೆಯಲ್ಲಿ ಗುಡ್ಡದ ಮೇಲೆ ಗೋಡೆ ಎಬ್ಬಿಸಲು ಶುರುಮಾಡಿದರು. ಮೊದಲ ದಿನವೇ ಕೆಲಸ ನಿಂತಿತು.

"ಎಲಾದಿಯೊ, ಇಲ್ಲಿ ಪ್ರತಿ ನಂಬರೂ ಎರಡೆರಡು ಸಲ ಇದೆಯಲ್ಲಪ್ಪ," ಎಂದರು ದೋನ್ ಗೊನ್ಸಾಲೊ.

"ಇರಲೇಬೇಕಲ್ಲ. ಗೋಡೆ ಎರಡಲ್ವಾ?"

"ಸರಿ. ಈ ಕಲ್ಲಿನ ಮೇಲೆ ಎ ಅಂತ ಬರೆದಿದ್ದೀಯ. ಎ ಅಂದ್ರೆ ಏನು?"

"ಎವಾಂಹೆಲಿಯೊ."

"ಇದರ ಮೇಲೂ ಎ ಇದೆ."

"ಅದು ಎಪೀಸ್ತೊಲ," ಎಂದ ಎಲಾದಿಯೊ. ಹೇಳಿ ಮುಗಿಸಿದವನು ತೆರೆದ ಬಾಯಿ ಮುಚ್ಚಲಿಲ್ಲ.

ನಮ್ಮಲ್ಲಿ ಇಗರ್ಜಿಯೊಳಗೆ ಎಡ, ಬಲ ಎಂದು ಯಾರೂ ಅನ್ನುವುದಿಲ್ಲ. ಸುವಾರ್ತೆ ಓದುವ ಕಡೆ ಎವಾಂಹೆಲಿಯೊ ಬದಿ, ಅಪೊಸ್ತಲರ ಪತ್ರ ಓದುವ ಕಡೆ ಎಪೀಸ್ತೊಲ ಬದಿ. ಕುಡಿದು ಬಂದವನಿಗೂ ಅದು ತಪ್ಪುವುದಿಲ್ಲ. ಗೋಡೆಯ ಮುಂದೆ ನಿಂತು ಬರೆಯುವವನಿಗೆ ಯಾವುದು ಯಾವ ಎ ಎಂದು ಅನುಮಾನವೇ ಬರಲಿಲ್ಲ. ಈಗ ಎರಡೂ ಗೋಡೆಗಳು ಒಂದೇ ರಾಶಿಯಾಗಿ ಹುಲ್ಲಿನ ಮೇಲೆ ಬಿದ್ದಿದ್ದವು.

ಹಿಮ ಬೀಳುವುದರೊಳಗೆ ಗೋಡೆ ಏಳದಿದ್ದರೆ ಸಿಮೆಂಟಿನ ಇಗರ್ಜಿ ಕಟ್ಟಿ ಕೈತೊಳೆದುಕೊಳ್ಳುವುದಾಗಿ ಮೇಲಿನಿಂದ ಮಾತು ಬಂತು. ಅಮ್ಮ ಹಿಟ್ಟು ನಾದುತ್ತಲೇ, "ಸಿಮೆಂಟ್ ಡಬ್ಬಿಯೊಳಗೆ ನನ್ನ ಮಗಳ ಮದುವೆ ಆಗಲ್ಲ," ಎಂದಳು. ಆ ದನಿಯಲ್ಲಿ ದುಃಖದ ಸುಳಿವೇ ಇರಲಿಲ್ಲ. ನಾನು ಅತ್ತೆ. ಅತ್ತು ಮುಗಿದ ಮೇಲೆ ಎಲಾದಿಯೊನನ್ನು ಹುಡುಕಿಕೊಂಡು ಹೋಗಿ ಬೈದೆ.

"ಓಡಿಹೋಗೋಣವಾ ಲಿಯೊಕಾದಿಯಾ?" ಎಂದ ಅವನು.

"ಯಾವ ಕಡೆ ಅಂತ ಬರೆದಿಟ್ಟುಕೊಂಡಿದ್ದೀಯಾ? ಎ ಕಡೆಗಾ?" ಎಂದೆ.

ಸಿಟ್ಟಿನಲ್ಲಿ ರಾಶಿಯ ಹತ್ತಿರ ಹೋಗಿ ಒಂದು ಕಲ್ಲಿಗೆ ಒದ್ದೆ. ಕಾಲು ನೋಯಿತು. ಬಗ್ಗಿ ನೋಡಿದರೆ ಅದು ನನಗೆ ಪರಿಚಯದ ಕಲ್ಲು. ಅದರಲ್ಲೊಂದು ವಕ್ರ ಬಿರುಕು. ಎಲಾದಿಯೊ ಇನ್ನೂ ಸೇವಕನಾಗದೆ ಗಂಡಸರ ಜೊತೆ ಕೂರುತ್ತಿದ್ದ ಕಾಲದಲ್ಲಿ ಆ ಬಿರುಕು ಅವನ ಕಿವಿಯಿಂದಲೇ ಹೊರಟ ಹಾಗೆ ಕಾಣುತ್ತಿತ್ತು. ಸನ್ಯಾಸಿಗಳು ಬಿಟ್ಟುಹೋದ ಬೆಂಚುಗಳು ಬೇರೆ ಇಗರ್ಜಿಗಳ ಹಾಗೆ ಪೀಠಕ್ಕೆ ಮುಖಮಾಡಿರಲಿಲ್ಲ. ಎರಡು ಗೋಡೆಗೆ ಆತು ಎದುರುಬದುರು ಇದ್ದವು. ಎವಾಂಹೆಲಿಯೊ ಬದಿಯಲ್ಲಿ ಹೆಂಗಸರು, ಎಪೀಸ್ತೊಲ ಬದಿಯಲ್ಲಿ ಗಂಡಸರು. ಪೂಜೆ ಮುಗಿಯುವ ತನಕ ನೋಡಲು ಇದ್ದದ್ದು ಎದುರು ಗೋಡೆ, ಮತ್ತು ಅದರ ಕೆಳಗೆ ಕೂತವರು.

ಅದು ಗಂಡಸರ ಬದಿಯ ಕಲ್ಲೆಂದು ಓಡಿ ಹೋಗಿ ದೋನ್ ಗೊನ್ಸಾಲೊಗೆ ಹೇಳಿದೆ. "ನಿಮಗೆ ಹೇಗಮ್ಮ ಗೊತ್ತು?" ಎಂದು ಕೇಳಿದರು.

"ಪಾದ್ರಿಗಳ ಪ್ರಸಂಗ ಉದ್ದ ಇರುತ್ತೆ," ಎಂದೆ.

ಮುಂದಿನ ಭಾನುವಾರ ಕಲ್ಲುಗಳನ್ನೆಲ್ಲ ಹುಲ್ಲಿನ ಮೇಲೆ ಹರಡಿ ಊರನ್ನೇ ಕರೆದರು. ಗೋಡೆಗೆ ಕಿವಿ ಇರುತ್ತದೆ ಅನ್ನುತ್ತಾರೆ. ನಮ್ಮ ಗೋಡೆಗೆ ಅಂದು ಬಾಯಿಯೂ ಬಂತು. ವಿಧವೆ ಎಸ್ಕೊಲಾಸ್ತಿಕ ಒಂದು ಕಲ್ಲಿನ ಮೇಲೆ ಕೈಯಿಟ್ಟು, "ಇದು ನಮ್ಮ ಪೋಸ್ಟ್‌ಮ್ಯಾನ್ ತಲೆ ಮೇಲಿದ್ದದ್ದು," ಎಂದುಬಿಟ್ಟಳು. ಪೋಸ್ಟ್‌ಮ್ಯಾನ್‌ನ ಹೆಂಡತಿ ತಿರುಗಿ ನೋಡಿದಳು. ಗಂಡಸರು ಮಾತ್ರ ತಮಗೆ ಒಂದು ಕಲ್ಲೂ ನೆನಪಿಲ್ಲ ಎಂದು ಕೇಳುವ ಮೊದಲೇ ಹೇಳತೊಡಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ. ಆಮೇಲೆ ದ್ರಾಕ್ಷಾರಸದ ಚರ್ಮದ ಚೀಲ ಎರಡು ಸುತ್ತು ಬಂದ ಮೇಲೆ ಅವರಿಗೂ ನೆನಪಾಯಿತು.

ದೋನ್ ಕಾಸ್ತೊರ್ ಪಾದ್ರಿಗಳು ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. "ಇಷ್ಟು ವರ್ಷ ಪ್ರಸಂಗ ಮಾಡಿದೆನಲ್ಲ, ಒಬ್ಬರಾದ್ರೂ ಕೇಳಿಸ್ಕೊಂಡಿದ್ದೀರಾ?"

"ಕೇಳಿಸ್ಕೊಂಡ್ವಿ ಸ್ವಾಮಿ," ಎಂದಳು ಎಸ್ಕೊಲಾಸ್ತಿಕ. "ಕಿವಿಗೆ ಕೆಲಸ ಇತ್ತು, ಕಣ್ಣಿಗೆ ಬಿಡುವಿತ್ತು, ಅಷ್ಟೆ."

ಸಂಜೆಯ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಕಲ್ಲುಗಳೂ ತಮ್ಮ ತಮ್ಮ ಬದಿಗೆ ಹೋದವು. ಒಂದು ದೊಡ್ಡ ಕಲ್ಲು ಉಳಿಯಿತು. ಯಾವುದೋ ಕಬ್ಬಿಣದ ಕೊಕ್ಕೆಯ ತುಕ್ಕು ಇಳಿದು ಅದರ ಮೇಲೆ ಕಂದು ಕಲೆಯಾಗಿತ್ತು. ಅದೇ ನಂಬರಿನ ಜೋಡಿ ಕಲ್ಲಿನ ಮೈ ನುಣ್ಣಗೆ, ಬೇರೇನೂ ಗುರುತಿಲ್ಲ. ಇದು ಯಾವ ಬದಿ ಎಂದು ತಿಳಿಯದೆ ಮೇಲಿನ ಸಾಲು ಇಡುವಂತಿರಲಿಲ್ಲ. ಯಾರಿಗೂ ಗೊತ್ತಿಲ್ಲ. ಬೆಳಗಿನಿಂದ ಕೈಕಟ್ಟಿ ದೂರ ನಿಂತಿದ್ದ ಅಮ್ಮ ಆ ಕಲ್ಲಿನಿಂದ ಕಣ್ಣು ಕಿತ್ತಿರಲಿಲ್ಲ.

"ಅಮ್ಮ, ನಿಂಗೆ ಗೊತ್ತಲ್ವಾ?"

"ನಂಗೇನು ಗೊತ್ತು? ನಾನು ಜಪಮಾಲೆ ಎಣಿಸ್ತಿದ್ದೆ."

ನನ್ನ ಅಪ್ಪ ಉರ್ಬಾನೊ ದಿನಕ್ಕೆ ನಾಲ್ಕು ಮಾತಾಡುವ ಮನುಷ್ಯ. "ಹೇಳು ಬಸಿಲಿಸಾ," ಎಂದ. "ಮಗಳ ಮದುವೆ ವಿಚಾರ."

ಅಮ್ಮ ಕಟ್ಟಿದ್ದ ಕೈ ಬಿಚ್ಚಿದಳು. "ಗಂಡಸರ ಬದಿ," ಎಂದಳು ಕೊನೆಗೆ. "ಮೂರನೇ ಕಂಬದ ಪಕ್ಕ."

ವಯಸ್ಸಾದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಮ್ಮನ ಹರೆಯದಲ್ಲಿ ಮೂರನೇ ಕಂಬದ ಪಕ್ಕ ಕೂರುತ್ತಿದ್ದದ್ದು ಗಿರಣಿಯ ಮೆಲಿತೊನ್, ಊರಿಗೇ ಚಂದದ ಮೀಸೆಯವನು, ಎಲಾದಿಯೊನ ಅಪ್ಪ. ಎದುರಿನಿಂದ ಯಾರು ನೋಡುತ್ತಿದ್ದಾರೆಂದು ತಿಳಿಯದೆಯೇ ಆತ ಪಕ್ಕದೂರಿನಿಂದ ಹೆಣ್ಣು ತಂದಿದ್ದ. ಗೋಧಿ, ಸೋದರತ್ತೆ, ಹಂದಿ ಎಲ್ಲದರ ಅರ್ಥವೂ ನನಗೆ ಆ ಕ್ಷಣ ಆಯಿತು. ಆ ಮನೆಗೆ ಬೀಗಿತ್ತಿಯಾಗಿ ಕಾಲಿಡಲು ಅಮ್ಮನಿಗೆ ಮನಸ್ಸಿರಲಿಲ್ಲ. ಅಷ್ಟು ವರ್ಷ ಅವಳ ಮೇಲೆ ಮಾಡಿದ ಸಿಟ್ಟೆಲ್ಲ ಇಳಿದು ನನಗೆ ಅಯ್ಯೋ ಅನ್ನಿಸಿತು. ಅಪ್ಪನ ಮುಖ ನೋಡಲು ಹೆದರಿಕೆಯಾಯಿತು.

ಅಪ್ಪ ನಗುತ್ತಿದ್ದ.

"ಸರಿಯಾಗೇ ಹೇಳಿದ್ಲು. ಮೆಲಿತೊನ್ ಮದುವೆಯಾಗಿ ಮುಂದಿನ ಬೆಂಚಿಗೆ ಹೋದ್ನಲ್ಲ, ಆ ಜಾಗಕ್ಕೆ ನಾನು ಹೋಗಿ ಕೂತೆ."

"ಅಲ್ಲಿ ಗಾಳಿ ಬರುತ್ತೆ ಅಂತ ಕೂತೆ ಅಂದಿದ್ದೆ ನೀನು," ಎಂದಳು ಅಮ್ಮ.

"ಗಾಳಿ ಎಲ್ಲಿಂದ ಬರ್ಬೇಕು, ಕಿಟಕಿನೇ ಇಲ್ಲ. ನೀನು ಆ ಕಡೆನೇ ನೋಡ್ತಿದ್ದೆ, ಅದಕ್ಕೇ ಕೂತೆ. ಒಂದು ವರ್ಷ ಪೂರ್ತಿ ಬರೀ ಕಲ್ಲು ನೋಡಿದೆ ನೀನು. ಆಮೇಲೆ ಒಂದಿನ ಕಣ್ಣು ಸ್ವಲ್ಪ ಕೆಳಗಿಳಿಸಿದೆ."

ಅಮ್ಮನ ಮುಖ ಕೆಂಪಾದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವಳು ಅಪ್ಪನನ್ನು ನೋಡಿದಳು, ಕಲ್ಲನ್ನು ನೋಡಿದಳು. ಆಮೇಲೆ ಕೈಗೆ ಸಿಕ್ಕವರ ಮೇಲೆ ಸಿಟ್ಟು ತೀರಿಸಬೇಕಲ್ಲ, ಎಲಾದಿಯೊನತ್ತ ತಿರುಗಿದಳು.

"ಏನೋ ಹಾಗೆ ನಿಂತಿದ್ದೀಯ? ಬಣ್ಣ ತಗೊಂಡು ಬಾ. ಈ ಸಲ ಪೂರ್ತಿ ಬರಿ. ಮದುವೆಗೆ ತಲೆ ಮೇಲೆ ಮಾಡು ಇಲ್ಲದಿದ್ರೂ ಪರವಾಗಿಲ್ಲ, ಗೋಡೆ ಎರಡಿದ್ರೆ ಸಾಕು."

ಮಾಡು ಆಗಲೇ ಇಲ್ಲ. ದ್ರಾಕ್ಷಿ ಕೊಯ್ಲು ಮುಗಿದ ವಾರ, ತೆರೆದ ಆಕಾಶದ ಕೆಳಗೆ ನಾವು ಮದುವೆಯಾದೆವು. ದೋನ್ ಕಾಸ್ತೊರ್ ಮುನಿಸಿನಿಂದಲೋ ಏನೋ ಪ್ರಸಂಗವನ್ನು ಇನ್ನಷ್ಟು ಉದ್ದ ಮಾಡಿದರು. ಪೀಠದ ಮುಂದಿನಿಂದ ನಾನು ಮೆಲ್ಲಗೆ ತಿರುಗಿ ನೋಡಿದೆ. ತುಕ್ಕಿನ ಕಲೆಯ ಕಲ್ಲು ಮೂರನೇ ಕಂಬದ ಪಕ್ಕ ತನ್ನ ಜಾಗದಲ್ಲಿತ್ತು. ಅದರ ಕೆಳಗೆ ಅಪ್ಪ ಬಾಯಿ ತೆರೆದು ನಿದ್ದೆ ಹೋಗಿದ್ದ. ಎದುರಿನ ಬೆಂಚಿನಲ್ಲಿ ಅಮ್ಮ ಜಪಮಾಲೆಯನ್ನು ಮಡಿಲಲ್ಲಿ ಮರೆತು ಅವನನ್ನೇ ನೋಡುತ್ತಿದ್ದಳು.