ಬೈಗುಳದಕ್ಕನ ಪ್ರಚಾರ

ಆಸ್ಪತ್ರೆಯ ಹಿಂದಿನ ಗೇಟಿಗೆ ಮುಖ ಮಾಡಿ ಸಿಗರೇಟಂಗಡಿ ಇಟ್ಟುಕೊಂಡು, ಬಂದ ಗಿರಾಕಿಗೆಲ್ಲ ಸೇದಬೇಡ ಎಂದು ಬೈಯುವ ಹೆಂಗಸನ್ನು ನೀವು ಎಲ್ಲಾದರೂ ನೋಡಿದ್ದೀರಾ? ಇಲ್ಲೊಬ್ಬಳಿದ್ದಳು. ಬೈಗುಳದಕ್ಕ ಎಂದೇ ಅವಳಿಗೆ ಹೆಸರು. ಮೂವತ್ತೆಂಟು ವರ್ಷದಿಂದ ಅದೇ ಕಿಟಕಿ, ಅದೇ ಎತ್ತರದ ಸ್ಟೂಲು, ಅದೇ ಬಾಯಿ. "ಏನಪ್ಪಾ, ಬೆಳಿಗ್ಗೆ ಬೆಳಿಗ್ಗೆನೇ ಶುರು ಹಚ್ಕೊಂಡ್ಯಾ? ತಗೋ, ಸೇದು, ಬೇಗ ಮೇಲೆ ಹೋಗಿ ಸೇರ್ಕೋ" ಎನ್ನುತ್ತ ಪ್ಯಾಕೆಟ್ಟು ಮುಂದೆ ತಳ್ಳುತ್ತಿದ್ದಳು. ಬೈಸಿಕೊಂಡವರು ಹಲ್ಲು ಕಿರಿದು ಕಡ್ಡಿ ಗೀರುತ್ತಿದ್ದರು. ಆ ಬೈಗುಳ ಕೇಳಲಿಕ್ಕೇ ಎರಡು ಬೀದಿ ದಾಟಿ ಬರುವವರಿದ್ದರು. ಒಂದು ದಿನ ಸುಮ್ಮನಿದ್ದರೆ "ಯಾಕಕ್ಕ, ಮೈ ಹುಷಾರಿಲ್ವಾ?" ಎಂದು ಕೇಳಿಯೇ ಕೇಳುತ್ತಿದ್ದರು. ವ್ಯಾಪಾರ ನಡೆಯುತ್ತಿದ್ದದ್ದೇ ಆ ಬಾಯಿಯಿಂದ.

ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಅಲ್ಲಿ ಅವಳ ಗಂಡ. ಒಂದು ಕಾಲಕ್ಕೆ ಸುಟ್ಟುಹೋದ ಪಂಪು, ಫ್ಯಾನುಗಳ ಮೋಟಾರಿಗೆ ಹೊಸ ತಂತಿ ಸುತ್ತಿ ಜೀವ ಕೊಡುತ್ತಿದ್ದವನು. ಒಂದು ದಿನವೂ ಸಿಗರೇಟು ಮುಟ್ಟಿದವನಲ್ಲ. ಸಕ್ಕರೆ ಕಾಯಿಲೆ ಅವನ ಎರಡೂ ಕಿಡ್ನಿಯನ್ನು ತಿಂದುಹಾಕಿತ್ತು. ನಾಲ್ಕು ವರ್ಷದಿಂದ ವಾರಕ್ಕೆ ಮೂರು ದಿನ ಮೆಟ್ಟಿಲಿಳಿದು, ರಸ್ತೆ ದಾಟಿ, ಹಿಂದಿನ ಗೇಟಿನಿಂದ ಒಳಗೆ ಹೋಗಿ ಡಯಾಲಿಸಿಸ್ ಕೋಣೆಯಲ್ಲಿ ಮಲಗುತ್ತಿದ್ದ. ನಾಲ್ಕು ತಾಸು ರಕ್ತ ಮಿಷನ್ನಿನೊಳಗೆ ಹೋಗಿ ತೊಳೆದುಕೊಂಡು ಬರಬೇಕು. ಕಿಟಕಿಯಲ್ಲಿ ಕೂತರೆ ಅವಳಿಗೆ ಆ ಕೋಣೆಯ ಹಸಿರು ಪರದೆ ಕಾಣುತ್ತಿತ್ತು.

ಇಂಥ ಇನ್ನೊಂದು ಕೋಣೆ ಇದ್ದದ್ದು ದೊಡ್ಡ ಪಟ್ಟಣದಲ್ಲಿ, ಬಸ್ಸಿನಲ್ಲಿ ನಾಲ್ಕು ತಾಸು. ಹೋದ ವರ್ಷ ಇಲ್ಲಿ ಮಿಷನ್ನು ಕೆಟ್ಟಾಗ ಒಮ್ಮೆ ಕರೆದುಕೊಂಡು ಹೋಗಿದ್ದಳು. ಬರುವಾಗ ದಾರಿಯಲ್ಲಿ ಅವನ ಬಿಪಿ ಇಳಿದು, ಕಣ್ಣು ಮೇಲೆ ಸಿಕ್ಕಿ, ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಿ ಸೀಟಿನ ಮೇಲೆ ಮಲಗಿಸಬೇಕಾಯಿತು. "ಇವರ ಹೃದಯಕ್ಕೆ ಈ ಓಡಾಟ ತಡೆಯೋ ಶಕ್ತಿ ಇಲ್ಲಮ್ಮ, ಇನ್ನೊಂದು ಸಲ ಹೀಗೆ ಮಾಡಿದ್ರೆ ನಾನು ಜವಾಬ್ದಾರನಲ್ಲ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಡಯಾಲಿಸಿಸ್ ಕೋಣೆಯ ಸಿಸ್ಟರು ಗಂಟಲಿನ ಮಾತ್ರೆ ಕೊಳ್ಳಲು ಬಂದವಳು ದುಡ್ಡು ಕೊಟ್ಟ ಮೇಲೂ ನಿಂತೇ ಇದ್ದಳು.

"ಅಕ್ಕ, ನಿಮಗೆ ಹೇಳದೇ ಇರೋಕಾಗಲ್ಲ. ಮೇಲಿಂದ ಬರೋ ಅನುದಾನ ನಿಂತುಹೋಗಿದೆ. ತಿಂಗಳ ಕೊನೆಗೆ ನಮ್ಮ ಕೋಣೆಗೆ ಬೀಗ."

ಅವಳು ಸ್ಟೂಲಿನಿಂದ ಇಳಿದಳು. "ಬೀಗ ಅಂದ್ರೆ? ಇರೋ ಜನ ಎಲ್ಲಿಗೆ ಹೋಗ್ಬೇಕು?"

"ಒಂದೇ ದಾರಿ ಇದೆ. ಮುಂದಿನ ವಾರದ ಎಲೆಕ್ಷನ್ನಲ್ಲಿ ಎರಡು ಚೀಟಿ ಕೊಡ್ತಾರಲ್ಲ, ಒಂದು ಕೌನ್ಸಿಲರಿಗೆ, ಇನ್ನೊಂದು ತಂಬಾಕಿನ ತೆರಿಗೆಗೆ. ಊರಲ್ಲಿ ಸಿಗರೇಟು ತಂಬಾಕಿನ ಮೇಲೆ ತೆರಿಗೆ ಏರಿಸಿ, ಆ ದುಡ್ಡು ಆಸ್ಪತ್ರೆಗೇ ಕೊಡೋದು. 'ಬೇಕು' ಅಂತ ಜಾಸ್ತಿ ಬಿದ್ರೆ ಕೋಣೆ ಉಳಿಯುತ್ತೆ." ಸಿಸ್ಟರು ಅಂಗಡಿಯ ಗೂಡುಗಳಲ್ಲಿ ಒಪ್ಪವಾಗಿ ಜೋಡಿಸಿಟ್ಟಿದ್ದ ಪ್ಯಾಕೆಟ್ಟುಗಳ ಕಡೆ ನೋಡಿ ದನಿ ತಗ್ಗಿಸಿದಳು. "ನಿಮಗೆ ಹೇಗೆ ಹೇಳೋದು ಅಂತಾನೇ ಗೊತ್ತಾಗ್ಲಿಲ್ಲ ಅಕ್ಕ."

ತೆರಿಗೆ ಏರಿದರೆ ಅರ್ಧ ಗಿರಾಕಿಗಳು ಪಕ್ಕದೂರಿನಿಂದ ತರಿಸಿಕೊಳ್ಳುತ್ತಾರೆ, ಅಂಗಡಿ ಆರು ತಿಂಗಳೂ ನಿಲ್ಲುವುದಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಹೋಗಲಿ, ಹಾಳಾಗಿ ಹೋಗಲಿ ಎಂದುಕೊಂಡಳು. ಯೋಚಿಸಲು ಒಂದು ಗಳಿಗೆಯೂ ಹಿಡಿಯಲಿಲ್ಲ. ಅವತ್ತು ಸಂಜೆಯೇ ಪ್ರಚಾರಕ್ಕೆ ಇಳಿದಳು.

ಆ ಊರಿನಲ್ಲಿ ಸಾಲು ನಿಂತು ಓಟು ಹಾಕುವವರೆಂದರೆ ಅರವತ್ತು ದಾಟಿದವರೇ. ಪ್ರಾಯದವರು ಆ ದಿನ ರಜ ಸಿಕ್ಕಿತೆಂದು ಮಲಗುತ್ತಿದ್ದರು. ಮುದುಕರಲ್ಲೂ ಲೆಕ್ಕಕ್ಕೆ ಬರುವವರೆಂದರೆ ಪಿಂಚಣಿದಾರರ ಸಂಘದವರು, ಅವರ ಸಂಜೆಯ ಸಭೆ ನಡೆಯುತ್ತಿದ್ದದ್ದು ಇವಳ ಅಂಗಡಿಯ ಮುಂದಿನ ಕಟ್ಟೆಯ ಮೇಲೆ. ನಿವೃತ್ತ ಬಸ್ ಡ್ರೈವರು ಅದರ ಮುಂದಾಳು. ನಿವೃತ್ತ ಮೇಷ್ಟ್ರು ಅವನ ಮಾತಿಗೆಲ್ಲ ಅಡ್ಡ ಮಾತು.

"ಈ ಸಲ ಎಲ್ಲರೂ 'ಬೇಕು' ಅಂತ ಒತ್ತಬೇಕು, ಕೇಳಿಸ್ತಾ?" ಎಂದಳು.

ಡ್ರೈವರು ಹೊಗೆ ಬಿಟ್ಟ. "ಅಕ್ಕ, ತೆರಿಗೆ ದುಡ್ಡು ಆಸ್ಪತ್ರೆಗೇ ಹೋಗುತ್ತೆ ಅಂತ ಯಾರು ಬರ್ಕೊಟ್ಟಿದ್ದಾರೆ? ರಸ್ತೆ ತೆರಿಗೆ ಅಂತ ತಗೊಂಡ್ರು. ನಾನು ಮೂವತ್ತು ವರ್ಷ ಅದೇ ಗುಂಡೀಲಿ ಬಸ್ಸು ಓಡಿಸ್ದೆ, ಬೆನ್ನು ಮೂಳೆ ಎಲ್ಲಾ ಸಡಿಲ ಆಗಿದೆ."

"ಅದಕ್ಕೆ ತೆರಿಗೆ ತಪ್ಪಲ್ಲ, ತಿನ್ನೋರು ತಪ್ಪು" ಎಂದರು ಮೇಷ್ಟ್ರು. "ಸೇದೋರು ಕಟ್ಟಲಿ, ಕಾಯಿಲೆಯವರು ಬದುಕಲಿ. ಇದರಲ್ಲಿ ಅನ್ಯಾಯ ಏನಿದೆ?"

"ನೀವು ಸೇದಲ್ವಲ್ಲ ಮೇಷ್ಟ್ರೇ, ನಶ್ಯ ಏರಿಸ್ತೀರಿ."

"ನಶ್ಯಕ್ಕೂ ತೆರಿಗೆ ಇದೆಯಂತೆ ಕಣಯ್ಯ."

"ಹಾಗಿದ್ರೆ ನ್ಯಾಯ ಸ್ವಲ್ಪ ಯೋಚನೆ ಮಾಡಿ ಹೇಳಿ" ಎಂದ ಡ್ರೈವರು. ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವಳಿಗೆ ನಗು ಬರಲಿಲ್ಲ. "ನಗ್ರಪ್ಪಾ, ನಗ್ರಿ. ಓಟು ಮಾತ್ರ ಸರಿಯಾಗಿ ಹಾಕಿ. ಇಲ್ಲಾಂದ್ರೆ ನಿಮ್ಮ ಮುಖ ನೋಡಲ್ಲ ನಾನು, ಅಂಗಡಿ ಮುಂದೆ ಕಾಲಿಡಬೇಡಿ!" ಎಂದು ಕೂಗಿದಳು. ಅವರು ಇನ್ನಷ್ಟು ನಕ್ಕರು. ಬೈಗುಳದಕ್ಕ ಇವತ್ತು ಭಾರೀ ಜೋರಿದ್ದಾಳೆ ಎಂದುಕೊಂಡರು.

ಏಳು ದಿನ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ತಿರುಗಿದಳು. ಬಟ್ಟೆ ಒಗೆಯುವ ಅಂಗಡಿ, ಹಲ್ಲಿನ ಡಾಕ್ಟರ ವರಾಂಡ, ಬಸ್ ನಿಲ್ದಾಣದ ಬೆಂಚು, ಎಲ್ಲಿ ಬಿಳಿ ತಲೆ ಕಂಡರೂ ಹೋಗಿ ನಿಲ್ಲುತ್ತಿದ್ದಳು. ಒಬ್ಬೊಬ್ಬರದು ಒಂದೊಂದು ರಾಗ. ಯಾರು ಗೆದ್ದರೇನು, ನಮ್ಮ ಮಂಡಿ ನೋವಿಗೆ ಮುಲಾಮು ಸಿಗುತ್ತದಾ ಎಂದವರುಂಟು. ಮುಪ್ಪಿಗೆ ಉಳಿದಿರುವುದು ಒಂದು ಸಿಗರೇಟು, ಅದಕ್ಕೂ ಕಣ್ಣು ಹಾಕುತ್ತಾರಲ್ಲ ಎಂದು ಗೊಣಗಿದವರುಂಟು. ಒಬ್ಬಳು ಮುದುಕಿ ಮಾತ್ರ ಕೈ ಹಿಡಿದುಕೊಂಡು, "ನನ್ನ ಗಂಡ ಅದೇ ಕೋಣೇಲಿ ಎರಡು ವರ್ಷ ಬದುಕಿದ್ರು ಕಣಮ್ಮ, ಹಾಕ್ತೀನಿ" ಎಂದಳು. ಆ ಒಂದು ಮಾತು ಹಿಡಿದುಕೊಂಡು ಅವಳು ಎರಡು ದಿನ ತಳ್ಳಿದಳು.

ಮನೆಯಲ್ಲಿ ಗಂಡ ತುಟಿ ಬಿಚ್ಚುತ್ತಿರಲಿಲ್ಲ. "ಇವತ್ತು ಎಷ್ಟು ಜನ ಒಪ್ಪಿದ್ರು ಗೊತ್ತಾ?" ಎಂದರೆ "ಹೂಂ" ಎನ್ನುತ್ತಿದ್ದ. ಮಂಗಳವಾರ, ಗುರುವಾರ, ಶನಿವಾರ ತನ್ನ ಪಾಡಿಗೆ ಹೋಗಿ ಮಿಷನ್ನಿಗೆ ಕೈ ಕೊಟ್ಟು ಮಲಗುತ್ತಿದ್ದ. ಡ್ರೈವರು, ಮೇಷ್ಟ್ರು ಅಲ್ಲಿಗೆ ಹೋಗಿ ಅವನ ಪಕ್ಕ ಕೂತು ಹರಟುವುದು ಮೊದಲಿಂದಲೂ ಇತ್ತು, ಅವಳು ತಲೆಕೆಡಿಸಿಕೊಳ್ಳಲಿಲ್ಲ. ಅವನಿಗೂ ಹೊತ್ತು ಹೋಗಬೇಕಲ್ಲ. ಓಟಿನ ದಿನ ಅವನನ್ನು ತೋಳು ಹಿಡಿದು ಶಾಲೆಯ ಮತಗಟ್ಟೆಗೆ ಕರೆದೊಯ್ದಳು. ಅವನು ಪರದೆಯ ಹಿಂದೆ ತುಸು ಹೆಚ್ಚೇ ಹೊತ್ತು ನಿಂತ. ಚಾಳೀಸು ಮರೆತು ಬಂದಿರಬೇಕು ಎಂದುಕೊಂಡಳು.

ಮಾರನೆಯ ದಿನ ಹನ್ನೊಂದು ಗಂಟೆಗೆ ಎಣಿಕೆ ಮುಗಿಯಿತು. ಸಿಸ್ಟರು ಗೇಟಿನ ಹತ್ತಿರ ಬಂದು ನಿಂತು ಬರೀ ತಲೆಯಾಡಿಸಿದಳು. ತೆರಿಗೆ ಸೋತಿತ್ತು. ಹತ್ತೊಂಬತ್ತು ಓಟಿನಲ್ಲಿ.

ಬೈಗುಳದಕ್ಕನಿಗೆ ಎದುರಿನ ರಸ್ತೆ ಕಾಣಿಸಲಿಲ್ಲ. ಹತ್ತೊಂಬತ್ತು! ಇನ್ನೊಂದು ಬೀದಿ ತಿರುಗಿದ್ದರೆ ಸಿಗುತ್ತಿದ್ದರು ಹತ್ತೊಂಬತ್ತು ಜನ. ಕಾಲು ನೋವು ಎಂದು ಬುಧವಾರ ಬೇಗ ಮನೆಗೆ ಬಂದಿದ್ದೆನಲ್ಲ, ನನ್ನ ಕಾಲಿಗಿಷ್ಟು ಬೆಂಕಿ ಬೀಳ ಎಂದು ತನ್ನನ್ನೇ ಶಪಿಸಿಕೊಂಡಳು. ಮಿಷನ್ ನಿಂತರೆ ಹತ್ತು ದಿನ, ಹೆಚ್ಚೆಂದರೆ ಹದಿನೈದು ಎಂದು ಡಾಕ್ಟರು ಹೇಳಿದ್ದು ಕಿವಿಯಲ್ಲಿ ಗುಂಯ್‌ಗುಟ್ಟಿತು.

ಅಷ್ಟರಲ್ಲಿ ಡ್ರೈವರು ಮುಂದೆ, ಸಂಘದವರು ಹಿಂದೆ, ಗುಂಪಾಗಿ ಬಂದರು. ಒಬ್ಬೊಬ್ಬರ ಮುಖವೂ ಊರಗಲ.

"ಅಕ್ಕಾ! ಉಳಿಸಿಬಿಟ್ವಿ ನಿಮ್ಮ ಅಂಗಡೀನ!"

ಅವಳು ಮಿಕಮಿಕ ನೋಡಿದಳು.

"ಇಪ್ಪತ್ತಾರು ಜನ, ಒಬ್ಬನೂ ತಪ್ಪಿಸ್ಲಿಲ್ಲ. 'ಬೇಡ', 'ಬೇಡ', 'ಬೇಡ' ಅಂತ ಒತ್ತಿ ಬಂದ್ವಿ. ಈ ಮೇಷ್ಟ್ರು ಕೂಡ! ಜೀವನದಲ್ಲಿ ಮೊದಲ ಸಲ ನನ್ನ ಮಾತು ಕೇಳಿದ್ದಾರೆ."

"ನಾನು ಏನು ಹೇಳಿದ್ದೆ ನಿಮಗೆ?" ಅವಳು ಕಿಟಕಿಯಿಂದ ಮುಂದಕ್ಕೆ ಬಾಗಿದಳು. "ಬೇಕು ಅಂತ ಒತ್ತಿ ಅನ್ಲಿಲ್ವಾ? ಬಾಯಿ ಬಡ್ಕೊಂಡು ಹೇಳ್ಲಿಲ್ವಾ?"

"ಹೇಳಿದ್ರಿ, ಹೇಳಿದ್ರಿ" ಡ್ರೈವರು ಕಣ್ಣು ಮಿಟುಕಿಸಿದ. "ಆಸ್ಪತ್ರೆ ಮುಂದೆ ಅಂಗಡಿ ಇಟ್ಕೊಂಡು ಇನ್ನೇನು ಹೇಳೋಕಾಗುತ್ತೆ? ನಿಮ್ಮ ಯಜಮಾನ್ರು, ನಮ್ಮ ಭಾವ, ಎಲ್ಲಾ ಬಿಡಿಸಿ ಹೇಳಿದ್ರು ಬಿಡಿ. 'ಅವಳು ಮೂವತ್ತೆಂಟು ವರ್ಷದಿಂದ ಸೇದಬೇಡಿ ಅಂತ ಬೈತಾಳೆ, ನೀವು ಬಿಟ್ರಾ? ಅವಳ ಮನಸ್ಸು ನನಗೆ ಗೊತ್ತು, ಬೇಡ ಅಂತ ಹಾಕಿ' ಅಂದ್ರು."

"ಭಾವ ಹೇಳಿದ್ರಾ?"

"ಹೌದಕ್ಕ, ಅಲ್ಲೇ, ಮಿಷನ್ ಪಕ್ಕ ಕೂತಿದ್ದಾಗ." ಮೇಷ್ಟ್ರು ಮುಂದೆ ಬಂದರು. "ನಾನು ಕೇಳ್ದೆ, ನಿಮ್ಮ ಗತಿ ಏನು ಅಂತ. ಮನೇಲೇ ಇಟ್ಕೊಳ್ಳೋ ಸಣ್ಣ ಮಿಷನ್ ಮಂಜೂರಾಗಿದೆ, ಇನ್ನು ಆ ಕೋಣೆ ನನಗೆ ಬೇಕಾಗಲ್ಲ ಅಂದ್ರಲ್ಲ. ಅದು ಯಾವಾಗ ಬರುತ್ತೆ? ಮೆಟ್ಟಿಲು ಕಿರಿದು, ಎತ್ತೋಕೆ ನಾವು ನಾಲ್ಕು ಜನ ಬರ್ತೀವಿ."

ಮನೆಗೆ ಬರುವ ಮಿಷನ್ನು ಯಾವುದೂ ಇರಲಿಲ್ಲ. ಯಾರೂ ಯಾವುದನ್ನೂ ಮಂಜೂರು ಮಾಡಿರಲಿಲ್ಲ. ಅವಳು ಅದನ್ನು ಹೇಳಿದಳು, ಎರಡೇ ಮಾತಿನಲ್ಲಿ. ಬೈಯಲಿಲ್ಲ. ಮೇಷ್ಟ್ರು ಕಟ್ಟೆ ಹಿಡಿದುಕೊಂಡು ಕೂತುಬಿಟ್ಟರು. ಡ್ರೈವರ ಬಾಯಲ್ಲಿದ್ದ ಸಿಗರೇಟು ತಾನಾಗಿ ಆರಿಹೋಯಿತು.

"ಅಕ್ಕ, ಮತ್ತೊಂದು ಸಲ ಓಟು ಮಾಡಿಸೋಕೆ ಆಗಲ್ವಾ?" ಎಂದು ಅವನು ಕೇಳಿದ. "ತಪ್ಪಾಯ್ತು ಅಂತ ಬರ್ಕೊಡ್ತೀವಿ. ಇಪ್ಪತ್ತಾರು ಜನಾನೂ ಸಹಿ ಹಾಕ್ತೀವಿ. ಆಗಲ್ವಾ ಅಕ್ಕ?"

ಅವಳು ಕಿಟಕಿಯ ಬಾಗಿಲು ಎಳೆದು ಬೀಗ ಹಾಕಿದಳು. ಬೀಗದ ಕೈಯನ್ನು ಡ್ರೈವರ ಅಂಗೈಗೆ ಹಾಕಿ, ಅವನ ಬೆರಳುಗಳನ್ನು ತಾನೇ ಮಡಚಿ, ಮೆಟ್ಟಿಲು ಹತ್ತಿದಳು.

ಗಂಡ ಮಂಚದ ಅಂಚಿನಲ್ಲಿ ಕೂತಿದ್ದ. ಸೂಜಿ ಚುಚ್ಚಿ ಚುಚ್ಚಿ ಗಂಟುಗಂಟಾದ ಎಡಗೈ ದಿಂಬಿನ ಮೇಲಿತ್ತು. ರೇಡಿಯೋ ಆರಿಸಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

"ಮಿಷನ್ ಯಾವಾಗ ಬರುತ್ತಂತೆ?" ಎಂದಳು.

ಅವನು ತಲೆ ಎತ್ತಲಿಲ್ಲ. "ಕೋಪ ಮಾಡ್ಕೋಬೇಡ ಕಣೇ."

"ಮಾತಾಡಿ. ಊರವರ ಹತ್ರ ಅಷ್ಟು ಚೆನ್ನಾಗಿ ಮಾತಾಡಿದ್ದೀರಲ್ಲ, ನನ್ನ ಹತ್ರಾನೂ ಮಾತಾಡಿ."

"ಕೋಣೆ ಉಳಿದಿದ್ರೂ ನಾನು ಎಷ್ಟು ದಿನ ಇರ್ತಿದ್ದೆ? ಒಂದು ವರ್ಷ ಅಂದ್ರು ಡಾಕ್ಟರು. ಹೆಚ್ಚಂದ್ರೆ ಒಂದೂವರೆ. ನಿಮ್ಮಮ್ಮ ತೊಂಬತ್ಮೂರು ವರ್ಷ ಬದುಕಿದ್ಲು, ನೀನೂ ಅದೇ ಗಟ್ಟಿ. ಅಂಗಡಿ ಹೋದ್ಮೇಲೆ ಅಷ್ಟು ವರ್ಷ ಏನ್ ತಿಂತೀಯ? ಯಾರ ಮನೆ ಬಾಗಿಲಿಗೆ ಹೋಗ್ತೀಯ?"

"ನನ್ನ ಹೊಟ್ಟೆ ಚಿಂತೆ ನಿಮ್ಮನ್ನ ಯಾರು ಮಾಡಿ ಅಂದ್ರು? ಒಂದು ಮಾತು ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಬೇಡ ಅಂತಾನೇ ಅಂತಿದ್ದೆ!" ಕೆಳಗೆ ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳಿಸುವಷ್ಟು ಜೋರಾಗಿ ಕಿರುಚಿದಳು. "ಒಂದು ವರ್ಷ ಅಂದ್ರೆ ನಿಮಗೆ ಲೆಕ್ಕಕ್ಕೇ ಇಲ್ವಾ? ಆ ವರ್ಷ ನನಗೆ ಬೇಕಿತ್ತು! ಅದು ನಂದು ಕಣ್ರೀ! ನನ್ನದನ್ನ ತಗೊಂಡು ಹೋಗಿ ಇಪ್ಪತ್ತಾರು ಜನಕ್ಕೆ ಹಂಚಿ ಬಂದಿದ್ದೀರಲ್ರೀ!"

ಅವಳು ಗೋಡೆಗೆ ಒರಗಿ ನೆಲದ ಮೇಲೆ ಕುಸಿದು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಎಷ್ಟೋ ಹೊತ್ತು. ಎದುರಿನ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಗಂಟೆ ಬಾರಿಸಿತು. ಆಮೇಲೆ ಎದ್ದು, ಮುಖ ಒರೆಸಿಕೊಂಡು, ಅಟ್ಟದ ಮೇಲಿದ್ದ ಚೀಲ ಎಳೆದು ದೂಳು ಕೊಡವಿದಳು. ಅವನ ಎರಡು ಅಂಗಿ, ಆಸ್ಪತ್ರೆಯ ಕಾಗದದ ಕಟ್ಟು, ಮಾತ್ರೆಯ ಡಬ್ಬಿ ಒಳಗೆ ಹಾಕಿದಳು.

"ಏನ್ ಮಾಡ್ತಿದ್ದೀಯ?"

"ಒಂದನೇ ತಾರೀಖಿಂದ ದೊಡ್ಡಾಸ್ಪತ್ರೆ. ಬೆಳಿಗ್ಗೆ ಆರರ ಬಸ್ಸು."

"ನಾನು ಆ ಬಸ್ಸಲ್ಲಿ ಉಳಿಯಲ್ಲ ಅಂತ ನಿನಗೆ ಗೊತ್ತು."

"ಗೊತ್ತು."

"ಎಲ್ಲಾ ದಿನ ನೀನು ನನ್ನ ಹಿಂದೆ ಬಂದ್ರೆ ಅಂಗಡಿ? ಅದಕ್ಕೋಸ್ಕರ ತಾನೇ ನಾನು ಇಷ್ಟೆಲ್ಲಾ..."

"ಬೀಗದ ಕೈ ಅವರಿಗೇ ಕೊಟ್ಟು ಬಂದೆ. ಉಳಿಸಿದೋರು ಅವರು, ಅವರೇ ಇಟ್ಕೊಳ್ಳಲಿ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ, ಭುಜ ಅದುರತೊಡಗಿತು. ಅವಳು ಹತ್ತಿರ ಬಂದು ಅವನ ಎಡಗೈಯನ್ನು ಮೆಲ್ಲಗೆ ಬಿಡಿಸಿ, ಮತ್ತೆ ದಿಂಬಿನ ಮೇಲಿಟ್ಟಳು. ಆ ಕೈಗೆ ಭಾರ ಬೀಳಬಾರದು ಎಂದು ಡಾಕ್ಟರು ಹೇಳಿದ್ದರು.

"ಮುಂದಿನ ಸೀಟೇ ಸಿಗಬೇಕು" ಎಂದಳು. "ಹಿಂದೆ ಬಹಳ ಕುಲುಕುತ್ತೆ. ದಪ್ಪ ಶಾಲು ಎಲ್ಲಿಟ್ಟಿದ್ದೀರಿ? ಬರೋವಾಗ ನಿಮಗೆ ಚಳಿ ಆಗುತ್ತೆ."