ಎಸರು ಕಾಣದ ಹಿಟ್ಟು

“ಏ ಗುಡ್ಡವ್ವ, ನಿನ್ನ ಮಗ ಸೀರಿ ಉಟಗೊಂಡು ಅಡ್ಡಾಡ್ತಾನಲ್ಲ ಹಲ್ಕಟ್, ಇಂಥಾ ಪುಸ್ತಕ ಓದೇ ಹಂಗಾಗ್ಯಾನ.”

ಲಕಮನಹಳ್ಳಿ ಶಾಲೆಯ ಅಡುಗೆಕೋಣೆಯ ಹೊಸ್ತಿಲ ಹೊರಗೇ ನಿಂತು ಹೀಗಂದವನು ಶಾಲಾ ಸಮಿತಿಯ ಅಧ್ಯಕ್ಷ ರಾಜಶೇಖರ. ಗುಡ್ಡವ್ವ ಬೇಳೆ ತಿರುವುವುದನ್ನು ನಿಲ್ಲಿಸಲಿಲ್ಲ.

“ಆಕಿ ಐದನೇ ಕ್ಲಾಸಿನ್ಯಾಗ ಸಾಲಿ ಬಿಟ್ಟಾಳ್ರಿ. ಪುಸ್ತಕ ಬಂದಿದ್ದು ಈ ವರ್ಷ.”

ಹುಡುಗರು ಸಂಡಾಸದಲ್ಲಿ ಕೂಡಿಹಾಕಿ ನಗುತ್ತಿದ್ದರೆಂದು ಶಾಲೆ ಬಿಟ್ಟ ಫಕೀರೇಶ ಈಗ ದುರ್ಗಾ. ಹೊಸ ಪುಸ್ತಕದ ಒಂದು ಹಾಳೆಯಲ್ಲಿ, ಅಂಥ ಮಕ್ಕಳೂ ನಮ್ಮವರೇ, ನಗಬೇಡಿ ಎಂದಿತ್ತು. ಪಾಠ ಮಾಡುವ ಸುಕನ್ಯಾ ಅಕ್ಕೋರು ಅದನ್ನು ಓದಿ ಹೇಳಿದ ದಿನ ಗುಡ್ಡವ್ವ ಸೌಟು ಹಿಡಿದೇ ಅತ್ತಿದ್ದಳು.

ಅದೇ ಹಾಳೆ ಸಂಸ್ಕೃತಿ ಕೆಡಿಸುತ್ತದೆಂದು ರಾಜಶೇಖರನಿಗೆ ಯಾರೋ ಹೇಳಿದ್ದರು. ಸರಕಾರದ ಪುಸ್ತಕ ಹರಿದರೆ ಕೇಸಾದೀತು, ಪಕ್ಕದ ಹಾಳೆಗೆ ಅಂಟಿಸಿ ಮುಚ್ಚಿದರಾಯಿತು ಎಂಬುದು ಅವನ ಲೆಕ್ಕ. ಅಕ್ಕೋರು ಒಲ್ಲೆ ಅಂದದ್ದರಿಂದ ಕೆಲಸ ಗುಡ್ಡವ್ವನ ಪಾಲಿಗೆ ಬಂತು. ಓದು ಬಾರದವಳು ಕೆಡುವುದೇನಿದೆ? ಮಾಡದಿದ್ದರೆ ನಾಳೆಯಿಂದ ಒಲೆ ಮುಟ್ಟಬೇಡ ಅಂದ.

ಮರುದಿನ ಅವಳು ಅಂಟಿಗೆಂದು ಮನೆಯಿಂದ ಜೋಳದ ಹಿಟ್ಟು ತಂದಳು. ಕುದಿಯುವ ಎಸರು ಬೀಳದೆ ಜೋಳದ ಹಿಟ್ಟಿಗೆ ಜಿಗಿ ಬರುವುದಿಲ್ಲ, ತಣ್ಣೀರಲ್ಲಿ ಕಲಸಿದರೆ ರೊಟ್ಟಿ ಕೈಯಲ್ಲೇ ಹರಿಯುತ್ತದೆ. ಈ ಸೀಮೆಯಲ್ಲಿ ಎಂಟು ವರ್ಷದ ಹುಡುಗಿಗೂ ಗೊತ್ತಿರುವ ಮಾತಿದು. ರಾಜಶೇಖರ ಐವತ್ತು ವರ್ಷ ರೊಟ್ಟಿ ತಿಂದವನು, ಬಡಿಯುವುದನ್ನು ಒಮ್ಮೆಯೂ ನೋಡಿದವನಲ್ಲ. ಅವನ ಕಣ್ಣೆದುರೇ ಅವಳು ತಣ್ಣೀರು ಸುರಿದು ಕಲಸಿ, ಅರವತ್ತು ಪುಸ್ತಕಗಳಲ್ಲೂ ಅವನು ತೋರಿಸಿದ ಹಾಳೆಗೆ ಬಳಿದು ಬಿಸಿಲಿಗೆ ಹರವಿದಳು. ಛಲೋ ಆತು ಅಂದು ಅವನು ಮೀಸೆ ತೀಡಿಕೊಂಡು ಹೋದ.

ಸೋಮವಾರ ಶಾಲು ಹೊದ್ದ ನಾಲ್ವರನ್ನು ಕರೆದುಕೊಂಡು ಬಂದ. ಒಬ್ಬ ಫೋನು ಹಿಡಿದು ರೆಕಾರ್ಡಿಂಗ್ ಶುರು ಮಾಡಿದ. ಮಕ್ಕಳ ಮುಂದೆ ರಾಜಶೇಖರ ಪುಸ್ತಕ ಎತ್ತಿ, ನೋಡ್ರಿ, ಇನ್ನ ತೆರಿಯೂದಿಲ್ಲ ಅಂತ ಜಾಡಿಸಿದ. ಹಾಳೆ ಸಲೀಸಾಗಿ ಬಿಚ್ಚಿಕೊಂಡು, ಒಣಗಿದ ಹಿಟ್ಟೆಲ್ಲ ಮೀಸೆಯ ಮೇಲೆ ಉದುರಿತು. ಮಕ್ಕಳು ಬಿದ್ದು ಬಿದ್ದು ನಕ್ಕರು.

“ನಡೀ ಹೊರಗ, ರಂಡೆ. ಇವತ್ತಿಗೆ ನಿನ್ನ ಕೆಲಸ ಮುಗೀತು.”

ಅವನು ಹಾಗನ್ನುತ್ತಾನೆಂದು ಗುಡ್ಡವ್ವನಿಗೆ ಗೊತ್ತಿತ್ತು. ಅದಕ್ಕೇ ಅವಳು ಅಂದು ಒಬ್ಬಳೇ ಬಂದಿರಲಿಲ್ಲ. ಬಾಗಿಲಲ್ಲಿ ದುರ್ಗಾ ನಿಂತಿದ್ದಳು, ಹಸಿರು ಸೀರೆಯುಟ್ಟು, ಹತ್ತು ವರ್ಷದ ಹಿಂದೆ ದಾಟಿ ಹೋದ ಅದೇ ಬಾಗಿಲಲ್ಲಿ. ಗುಡ್ಡವ್ವ ಅವಳ ಕೈ ಹಿಡಿದು ಒಳಗೆ ತಂದು, ಮುಂದಿನ ಬೆಂಚಿನ ಮೇಲೆ ಕೂರಿಸಿ, ಪಕ್ಕದ ಹುಡುಗಿಗೆ ಅಂದಳು:

“ಓದವ್ವ ಚಿನ್ಮಯೀ, ಆ ಹಾಳಿ ಜೋರಾಗಿ ಓದು. ನಮ್ಮ ದುರ್ಗಾ ಕೇಳಾಕ ಬಂದಾಳ.”

ಚಿನ್ಮಯೀ ಎದ್ದು ನಿಂತಳು. ಫೋನು ಇನ್ನೂ ಓಡುತ್ತಲೇ ಇತ್ತು.