ನೀಲಿ ಕಾರಿನ ಬಡ್ಡಿ

“ನಿಂದು ಬೇಡ ಬಿಡು, ಏವ್ರಿಲ್. ನಿಂದ್ರಲ್ಲಿ ಏನೂ ಇಲ್ಲ,” ಎಂದ ಕ್ಲೈವ್, ದೂರಿನ ಹಾಳೆಗಳಿಂದ ತಲೆಯೆತ್ತದೆ.

ಅದು ಶನಿವಾರ. ಏವ್ರಿಲ್ ಎಂಟ್ವಿಸಲ್ ಅವನ ಮುಂದೆ ಚಹಾ ಇಟ್ಟು, ಹಾಗಾದರೆ ಒಳ್ಳೆಯದೇ ಆಯಿತು ಎಂದು ಕ್ಲಬ್ಬಿನ ಅಡಿಗೆಕೋಣೆಗೆ ಹಿಂತಿರುಗಿದಳು. ಬ್ರೆಡ್ಡಿಗೆ ಬೆಣ್ಣೆ ಸವರುವಾಗ ಕೈ ತಾನಾಗಿ ನಿಂತಿತು. ಬೇರೆಯವರೆಲ್ಲ ಬಂದಾಗ ಅವನು ಕಣ್ಣು ಕಿರಿದು ಮಾಡಿ ಅವರ ಮುಖ ನೋಡುತ್ತಿದ್ದ. ಯಾವ ವರ್ಷ, ಯಾವ ಬಣ್ಣ, ಯಾವ ಕಂಪನಿಯ ಸಾಲ ಎಂದು ನೆನಪು ಮಾಡಿಕೊಳ್ಳಲು ಒಂದಿಷ್ಟು ಹೊತ್ತು ಬೇಕಾಗುತ್ತಿತ್ತು. ಅವಳದಕ್ಕೆ ಮಾತ್ರ ಒಂದು ಕ್ಷಣವೂ ಬೇಕಾಗಲಿಲ್ಲ.

ಇಂಗ್ಲೆಂಡಿನ ಡಾರ್ವೆನ್ ಊರಿನ ಆ ಬೌಲ್ಸ್ ಕ್ಲಬ್ಬಿನಲ್ಲಿ ಈ ಬೇಸಿಗೆ ಹುಲ್ಲಿನ ಮೇಲೆ ಚೆಂಡು ಉರುಳಿದ್ದಕ್ಕಿಂತ ದೂರು ಬರೆದದ್ದೇ ಹೆಚ್ಚು. ಹಿಂದೆ ಸಾಲದಲ್ಲಿ ಕಾರು ಕೊಂಡಾಗ ಬಡ್ಡಿಯನ್ನು ಶೋರೂಮಿನವರೇ ತಮ್ಮಿಷ್ಟದಂತೆ ಏರಿಸಬಹುದಿತ್ತಂತೆ. ಏರಿಸಿದಷ್ಟೂ ಸಾಲದ ಕಂಪನಿ ಅವರಿಗೆ ಕಮಿಷನ್ ಕೊಡುತ್ತಿತ್ತಂತೆ. ತೀರಿಸುವವನಿಗೆ ಮಾತ್ರ ಈ ಸುದ್ದಿ ಯಾರೂ ಹೇಳುತ್ತಿರಲಿಲ್ಲ. ಈಗ ದೂರು ಕೊಟ್ಟರೆ ಪರಿಹಾರ ಸಿಗಬಹುದು ಎಂದು ಟಿವಿಯಲ್ಲಿ ಬಂದದ್ದೇ ತಡ, ಕ್ಲಬ್ಬಿನವರೆಲ್ಲ ಸಾಲಾಗಿ ನಿಂತರು. ದೂರು ಬರೆದುಕೊಡಲು ಅವರಿಗೆ ಸಿಕ್ಕವನಾದರೂ ಯಾರು? ಮೂವತ್ತು ವರ್ಷದ ಹತ್ತಿರ ಇದೇ ಊರಿಗೆ ಕಾರು ಮಾರಿ ನಿವೃತ್ತನಾದ ಕ್ಲೈವ್ ಹ್ಯಾಸ್ಲಮ್.

ಯಾರಿಗೂ ಅವನ ಮೇಲೆ ಸಿಟ್ಟಿರಲಿಲ್ಲ ಎಂಬುದು ಇದರಲ್ಲಿ ದೊಡ್ಡ ಮಾತು. ಈ ಜನವೇ ಹೀಗೆ. ಎಲ್ಲೋ ಇರುವ ಕಂಪನಿಯ ಮೇಲೆ ಹಲ್ಲು ಕಡಿಯುತ್ತಾರೆ. ಎದುರಿಗೆ ಕೂತವನಿಗೆ ಬಿಸ್ಕತ್ತಿನ ತಟ್ಟೆ ಸರಿಸುತ್ತಾರೆ. ಕೀತ್ ಎಂಬ ಗಟ್ಟಿ ಬಾಯಿಯ ಮುದುಕ ಮಾತ್ರ ಬಿಡಲಿಲ್ಲ.

“ಲೋ ಕ್ಲೈವ್, ಬೇಲಿನೇ ಎದ್ದು ಹೊಲ ಮೇಯ್ತು ಅಂತಾರಲ್ಲ, ಆ ಬೇಲಿ ನೀನೇ ಕಣೋ. ಈಗ ಮೇಯ್ದಿದ್ದಕ್ಕೆ ರಸೀದಿನೂ ನೀನೇ ಬರ್ಕೊಡ್ತಿದೀಯಾ.”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಕ್ಲೈವನೇ ನಕ್ಕ. ಆ ನಗುವೇ ಏವ್ರಿಲ್‌ಗೆ ಇಷ್ಟವಾಗಿದ್ದುದು. ಅವಳ ಗಂಡ ಜೆಫ್ ಸತ್ತು ಹನ್ನೆರಡು ವರ್ಷವಾಗಿತ್ತು, ಕ್ಲೈವನ ಹೆಂಡತಿ ಪಾಲೀನ್ ಸತ್ತು ಐದು. ಈ ವಸಂತದಲ್ಲಿ ಇಬ್ಬರೂ ಕೂತು ಒದ್ದೆ ಚೆಂಡುಗಳನ್ನು ಒರೆಸುತ್ತಿದ್ದಾಗ, ಮದುವೆಯಾಗೋಣವೇ ಎಂದು ಅವನು ಕೇಳಿದ್ದ. ಬರುವ ಗುರುವಾರ ಬ್ಲ್ಯಾಕ್‌ಬರ್ನಿನ ನೋಂದಣಿ ಕಚೇರಿಗೆ ಹೋಗಿ ಮದುವೆಯ ನೋಟಿಸು ಕೊಡುವುದೆಂದು ಗೊತ್ತಾಗಿತ್ತು.

ತನ್ನ ನೀಲಿ ಕಾರನ್ನು ಅವಳು ಕೊಂಡದ್ದು ಇವನಿಂದಲೇ, ಜೆಫ್ ಹೋದ ವರ್ಷ. ಆವರೆಗೆ ಅವಳು ಒಬ್ಬಳೇ ಹೋಗಿ ಒಂದು ಕೆಟಲನ್ನೂ ಕೊಂಡವಳಲ್ಲ. ಕ್ಲೈವ್ ಅವಸರ ಮಾಡಲಿಲ್ಲ. ಪಿಂಗಾಣಿ ಬಟ್ಟಲಲ್ಲಿ ಚಹಾ ಕೊಟ್ಟ, ಅವಳು ಅತ್ತಾಗ ಕಿಟಕಿಯ ಕಡೆ ನೋಡುತ್ತ ಕೂತ, ಆಮೇಲೆ ಬೆರಳಿಟ್ಟು ತೋರಿಸಿದ ಕಡೆಯಲ್ಲೆಲ್ಲ ಅವಳು ಸಹಿ ಹಾಕಿದಳು. ಮುಂದಿನ ವಾರ ಒಂದು ನಿಂಬೆಹಣ್ಣಿನ ಕೇಕು ಮಾಡಿ, ಕೃತಜ್ಞತೆಯ ಕಾರ್ಡಿನ ಸಮೇತ ಶೋರೂಮಿಗೆ ಒಯ್ದು ಕೊಟ್ಟಳು. ಆ ದಯೆಯ ನೆನಪಿನಲ್ಲೇ ಅವಳು ಈ ವಸಂತದಲ್ಲಿ ಹೂಂ ಅಂದದ್ದು.

ಅದಕ್ಕೇ ಈಗ ಮನಸ್ಸು ನಿಲ್ಲಲೊಲ್ಲದು. ಭಾನುವಾರ ಚೊಕ್ಕಟವಾಗಿದ್ದ ಓವನ್ನನ್ನೇ ಮತ್ತೆ ತಿಕ್ಕಿದಳು. ಸೋಮವಾರ ಅಂಗಡಿಗೆ ಹೋಗಿ, ಹಾಲಿನ ಮುಂದೆ ನಿಂತು, ಹಾಲು ತಾರದೆ ಬಂದಳು. ಕಿಟಕಿಯ ಹೂಕುಂಡಗಳನ್ನು ಬಲಗಡೆಯಿಂದ ಎಡಗಡೆಗಿಟ್ಟು ಮತ್ತೆ ಬಲಗಡೆಗಿಟ್ಟಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವಳು ಕಂಡಿದ್ದಳು. ಅವನು ಹೆಗಲು ಮುಟ್ಟಿಕೊಂಡಿರಲಿಲ್ಲ, ತಲೆಯೆತ್ತಿರಲಿಲ್ಲ, ಅಷ್ಟೆ.

ಅಡಿಗೆಕೋಣೆಯ ಜತೆಗಾತಿ ನೊರೀನ್‌ಗೆ ಇದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದೇನೂ ಕಾಣಲಿಲ್ಲ. ದೂರು ಕೊಡಲು ಖರ್ಚಿಲ್ಲ, ಸಿಕ್ಕರೆ ಕೊಡುವವರು ಕಂಪನಿಯವರು, ಕ್ಲೈವನ ಜೇಬಿನಿಂದ ಒಂದು ಪೆನ್ನಿಯೂ ಹೋಗುವುದಿಲ್ಲ, ಸುಮ್ಮನೆ ಕಳಿಸು ಎಂದಳು.

“ಕಳಿಸಿದ್ರೆ ಗೊತ್ತಾಗ್ಬಿಡತ್ತಲ್ಲೇ,” ಎಂದಳು ಏವ್ರಿಲ್.

“ಗೊತ್ತಾಗ್ಲಿ ಅಂತಾನೇ ಅಲ್ವಾ ಕಳ್ಸೋದು?”

ಏವ್ರಿಲ್ ಒಣಗಿದ್ದ ಬಟ್ಟಲನ್ನೇ ಮತ್ತೆ ಒರೆಸಿದಳು. ಅವಳಿಗೆ ಬೇಕಾದದ್ದು ಹಣವಲ್ಲ. ಬದುಕಿನ ಅತಿ ಕೆಟ್ಟ ವರ್ಷದಲ್ಲಿ ಒಬ್ಬ ಮನುಷ್ಯ ತನಗೆ ಒಳ್ಳೆಯವನಾಗಿದ್ದ ಎಂಬುದೊಂದು ನಿಜವಾಗಿದ್ದರೆ ಸಾಕಿತ್ತು. ಅದೂ ಅಲ್ಲವೆಂದಾದರೆ, ಉಳಿದ ವರ್ಷಗಳನ್ನು ಯಾರ ಜತೆ ಕಳೆಯಲು ಹೊರಟಿದ್ದೇನೆ ಎಂದು ಅವಳಿಗೆ ಹೆದರಿಕೆ.

ಗುರುವಾರ ಅವಳೇ ಕಾರು ಓಡಿಸಿದಳು, ಅದೇ ನೀಲಿ ಕಾರು. ಕ್ಲೈವ್ ಟೈ ಕಟ್ಟಿಕೊಂಡು ಪಕ್ಕದಲ್ಲಿ ಕೂತಿದ್ದ. ಊರಿನಾಚೆ ರಸ್ತೆ ಅಗೆದು ತಾತ್ಕಾಲಿಕ ಸಿಗ್ನಲ್ ದೀಪ ನಿಲ್ಲಿಸಿದ್ದರು. ಕೆಂಪು ಬಿತ್ತು. ಮುಂದೆ ಕೆಲಸ ಮಾಡುವವರೊಬ್ಬರೂ ಕಾಣಲಿಲ್ಲ, ಎದುರಿನಿಂದ ಒಂದು ಗಾಡಿಯೂ ಬರಲಿಲ್ಲ, ಆದರೂ ಎಲ್ಲರೂ ಮರ್ಯಾದೆಯಿಂದ ಸಾಲಾಗಿ ನಿಂತಿದ್ದರು.

“ಈ ಕಾರಿಗೆ ಎಷ್ಟು ಬಡ್ಡಿ ಏರಿಸಿದ್ದೆ?” ಎಂದು ಅವಳು ಕೇಳಿದಳು. ತನ್ನ ದನಿಯೇ ತನಗೆ ಅಪರಿಚಿತವಾಗಿ ಕೇಳಿಸಿತು.

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ, ಆ ಮಟ್ಟಿಗೆ ಅವನನ್ನು ಮೆಚ್ಚಬೇಕು.

“ಪೂರ್ತಿ,” ಎಂದ. “ಎಷ್ಟು ಏರಿಸ್ಬೋದಿತ್ತೋ ಅಷ್ಟೂ.”

“ನಂಗೇ ಯಾಕೆ?”

ಕ್ಲೈವ್ ಟೈಯ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. “ಎಲ್ರೂ ಏನಾದ್ರೂ ಕೇಳೋರು ಏವ್ರಿಲ್. ಇನ್ನೂ ಸ್ವಲ್ಪ ಇಳಿಸು, ಟ್ಯಾಂಕ್ ತುಂಬಿಸ್ಕೊಡು, ಕಾಲ್ಚಾಪೆನಾದ್ರೂ ಹಾಕ್ಕೊಡು. ಕೀತ್ ಅಂತೂ ಮೂರು ದಿನ ತಲೆ ತಿಂದಿದ್ದ. ಕೇಳಿದೋರಿಗೆ ಇಳಿಸ್ತಿದ್ವಿ. ಇಳಿಸಿದ್ದನ್ನ ಕೇಳ್ದೇ ಇದ್ದೋರ ಮೇಲೆ ಹಾಕ್ತಿದ್ವಿ. ಕೆಲಸಾನೇ ಹಂಗಿತ್ತು.” ಟೈ ಬಿಟ್ಟು ಕಿಟಕಿಯ ಕಡೆ ತಿರುಗಿದ. “ನೀನು ಕೇಳ್ತೀಯೇನೋ ಅಂತ ಕಾದೆ. ನೀನು ಥ್ಯಾಂಕ್ಸ್ ಅಂದೆ.”

“ಗಂಡ ಸತ್ತಿದ್ದ ಕಣೋ ನಂಗೆ.”

“ಗೊತ್ತು.”

“ಕೇಕು ತಂದ್ಕೊಟ್ಟೆ.”

“ತಿಂದೆ,” ಎಂದ ಕ್ಲೈವ್. “ಚೆನ್ನಾಗಿತ್ತು.”

ದೀಪ ಹಸಿರಾಯಿತು. ಹಿಂದಿನವರು ಹಾರನ್ ಹೊಡೆಯದೆ ಕಾಯುತ್ತಿದ್ದಾರೆಂದು ತಿಳಿದು ಅವಳು ಕೈಯೆತ್ತಿ ಅವರ ಕ್ಷಮೆ ಕೇಳಿ ಕಾರು ಬಿಟ್ಟಳು. ಮೈಯೆಲ್ಲ ಅವಮಾನದಿಂದ ಉರಿಯುತ್ತಿತ್ತು. ಮೋಸವಾಯಿತೆಂದು ಅಷ್ಟಲ್ಲ, ತನ್ನ ಒಳ್ಳೆಯ ನಡತೆಯನ್ನೇ ಆ ಮನುಷ್ಯ ಎದುರಿಗೆ ಕೂತು ತೂಕ ಹಾಕಿ ಬೆಲೆ ಕಟ್ಟಿದನಲ್ಲ ಎಂದು. ದಾರಿಯುದ್ದಕ್ಕೂ ಅವನು, ಆಗ ಪಾಲೀನ್‌ಗೆ ಕಾಯಿಲೆ ಶುರುವಾಗಿತ್ತು, ತಿಂಗಳ ಗುರಿ ಮುಟ್ಟದಿದ್ದರೆ ಕೆಲಸವೇ ಹೋಗುತ್ತಿತ್ತು ಎಂದೆಲ್ಲ ಹೇಳಿದ. ಅದೆಲ್ಲ ನಿಜವೇ ಇರಬೇಕು. ಶನಿವಾರ ಸುಳ್ಳು ಹೇಳಿದ್ದು ಯಾಕೆಂದರೆ, ಅವಳನ್ನು ಕಳೆದುಕೊಳ್ಳುವ ಭಯ ಎಂದ. ಅದೂ ನಿಜವಿರಬೇಕು.

ನೋಂದಣಿ ಕಚೇರಿಯಲ್ಲಿ ಇಬ್ಬರನ್ನೂ ಬೇರೆ ಬೇರೆ ಕರೆದು ಕೇಳುವುದು ಪದ್ಧತಿ. ಯಾರೂ ಯಾರನ್ನೂ ಬಲವಂತ ಮಾಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ಕ್ಲೈವ್ ಮೊದಲು ಹೋಗಿ, ಸಹಿ ಹಾಕಿ, ನಗುತ್ತ ಬಂದ. ಆಮೇಲೆ ಏವ್ರಿಲ್ ಒಳಗೆ ಹೋಗಿ ಬಾಗಿಲು ಮುಚ್ಚಿದಳು. ಕನ್ನಡಕದ ಅಧಿಕಾರಿಣಿ ಅವನ ಪೂರ್ತಿ ಹೆಸರು, ಹುಟ್ಟಿದ ದಿನ ಕೇಳಿದಳು. ಏವ್ರಿಲ್ ಸರಿಯಾಗಿ ಹೇಳಿದಳು. ಕಸುಬು? ನಿವೃತ್ತ. ಅದಕ್ಕೆ ಮೊದಲು? ಕಾರು ಮಾರುತ್ತಿದ್ದರು. ಅಧಿಕಾರಿಣಿ ಬರೆದುಕೊಂಡು, ಎಲ್ಲರಿಗೂ ಹೇಳುವ ಹಾಗೆ, ನಿಮ್ಮದೇನಾದರೂ ಪ್ರಶ್ನೆಯಿದೆಯೇ ಎಂದಳು. ಈ ಊರುಗಳಲ್ಲಿ ಆ ಮಾತಿಗೆ ಇಲ್ಲ, ಥ್ಯಾಂಕ್ಸ್ ಎನ್ನುವುದು ವಾಡಿಕೆ.

“ಇದೆ,” ಎಂದಳು ಏವ್ರಿಲ್. “ಇವತ್ತು ನಾನು ಸಹಿ ಹಾಕ್ದಿದ್ರೆ ಏನಾಗತ್ತೆ?”

ಅಧಿಕಾರಿಣಿ ಪೆನ್ನು ಕೆಳಗಿಟ್ಟಳು. “ಏನೂ ಆಗಲ್ಲ, ಮಿಸೆಸ್ ಎಂಟ್ವಿಸಲ್. ನಿಮ್ಮ ನೋಟಿಸಿಲ್ದೆ ಮದುವೆ ಇಲ್ಲ, ಅಷ್ಟೇ. ಬೇಕು ಅನ್ಸಿದಾಗ ಬಂದು ಕೊಡಬಹುದು.”

“ಹೊರಗಿರೋರಿಗೆ ನೀವು ಹೇಳ್ತೀರಾ?”

“ನಾವು ಹೇಳಲ್ಲ. ಅವರು ನಿಮ್ಮನ್ನೇ ಕೇಳ್ಬೇಕು.”

ಏವ್ರಿಲ್ ಕೈಚೀಲ ಎತ್ತಿಕೊಂಡು, ಇವತ್ತು ಬೇಡ ಎಂದಳು.

ಹೊರಗೆ ಕ್ಲೈವ್ ಎದ್ದು ನಿಂತು ಅವಳ ಮುಖ ನೋಡಿದ. ಮೂವತ್ತು ವರ್ಷ ಗಿರಾಕಿಗಳ ಮುಖ ಓದಿದವನು. ಏನೋ ಓದಿರಬೇಕು. “ಬಾ, ಹೋಗೋಣ,” ಎಂದಷ್ಟೇ ಹೇಳಿ ಅವಳಿಗಾಗಿ ಬಾಗಿಲು ಹಿಡಿದ. ಬರುವಾಗ ಒಂದೇ ಸಮನೆ ಮಾತಾಡಿದ. ಮದುವೆಯ ಊಟ ಕ್ಲಬ್ಬಿನಲ್ಲೇ ಇಟ್ಟುಕೊಳ್ಳುವುದೇ, ಹ್ಯಾಮ್ ಯಾರಲ್ಲಿ ತರುವುದು, ಕೀತನನ್ನು ಕರೆದರೆ ಭಾಷಣ ಮಾಡದೆ ಬಿಡುವುದಿಲ್ಲವಲ್ಲ. ಮಳೆಯ ಬಗ್ಗೆಯೂ ಮಾತಾಡಿದ. ಸಹಿ ಹಾಕಿದೆಯಾ ಎಂಬುದೊಂದನ್ನು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳು. ಹೇಳಲು ತಯಾರಾಗಿಯೇ ಓಡಿಸುತ್ತಿದ್ದಳು.

ಅವನ ಮನೆಯ ಮುಂದೆ ಕಾರು ನಿಂತಿತು. ಕ್ಲೈವ್ ಬೆಲ್ಟು ಬಿಚ್ಚಿ, ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟ, ಇಳಿಯಲಿಲ್ಲ. ಏವ್ರಿಲ್ ಇಂಜಿನ್ ಆರಿಸಿ, ಮುಂದಿನ ರಸ್ತೆಯನ್ನು ನೋಡುತ್ತ, ಕೇಳುತ್ತಾನೇನೋ ಎಂದು ಕಾದು ಕೂತಳು.